ಖಾನಾವಳಿ ಕಣ್ಣಿಂದ ಲಂಡನ್ನಿನ ಊಟ: ನಮ್ಮ ಕಡೆಯಿಂದ ಹೊಸದಾಗಿ ಬರುವವರಿಗೆ

ರಜೆಗೆ ನಾನು ಹುಬ್ಬಳ್ಳಿಗೆ ಬಂದೆನೆಂದು ಗೊತ್ತಾದರೆ ಸಾಕು, ಸೆಪ್ಟೆಂಬರಿಗೆ ಲಂಡನ್ನಿಗೆ ಹೊರಟವರು ಮನೆಗೆ ಬರುತ್ತಾರೆ. ವಿದ್ಯಾನಗರದ ಹುಡುಗರು, ಧಾರವಾಡದ ಸಪ್ತಾಪುರದವರು, ಗದಗ ಹಾವೇರಿಯಿಂದ ಅಪ್ಪ ಅವ್ವನ ಜೊತೆ ಬಸ್ಸು ಹತ್ತಿ ಬಂದವರು. ವೀಸಾ, ಬಾಡಿಗೆ ಮನೆ, ಬ್ಯಾಂಕ್ ಖಾತೆಯ ಮಾತೆಲ್ಲ ಮುಗಿದ ಮೇಲೆ ಅವ್ವಂದಿರ ಪ್ರಶ್ನೆ ಒಂದೇ: "ಅಲ್ಲೆ ರೊಟ್ಟಿ ಸಿಗತಾವೇನ್ರಿ?" ಹುಡುಗರದ್ದು ಬೇರೆ: "ಹೊರಗ ಉಂಡ್ರ ಎಷ್ಟ ಆಗತೈತ್ರಿ?" ಅಡುಗೆ ಕಲಿತುಕೊಂಡು ಹೋಗಿರಿ ಎಂಬ ಉಪದೇಶ ಎಲ್ಲರೂ ಮಾಡುತ್ತಾರೆ, ನಾನು ಮಾಡುವುದಿಲ್ಲ. ಆಗಾಗ ಹೊರಗೆ ಉಣ್ಣದಿದ್ದರೆ ಆ ಊರು ನಿಮಗೆ ತಿಳಿಯುವುದೇ ಇಲ್ಲ.

ನನ್ನ ಸಲಹೆ ಇಷ್ಟು. ನಮ್ಮ ಊಟವನ್ನು ಅಲ್ಲಿ ಹುಡುಕಬೇಡಿ, ನಮ್ಮ ಖಾನಾವಳಿಯ ಪದ್ಧತಿಯನ್ನು ಹುಡುಕಿ. ಇಲ್ಲಿ ಹೊಸ ಖಾನಾವಳಿಗೆ ಕಾಲಿಟ್ಟಾಗ ನಾವು ಏನು ನೋಡುತ್ತೇವೆ? ಬೋರ್ಡಿನ ಮೇಲೆ ಉದ್ದನೆಯ ಪಟ್ಟಿ ಇರಬಾರದು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು. ಎಪಿಎಂಸಿಗೆ ಬಂದ ರೈತರು, ಆಫೀಸಿನವರು ಒಂದೇ ಸಾಲಿನಲ್ಲಿ ಕೂತಿರಬೇಕು. ಹೇಳುವ ಮೊದಲೇ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಶೇಂಗಾ ಚಟ್ನಿ, ಮೊಸರು ತಾಟಿಗೆ ಬಂದು ಬೀಳಬೇಕು. ಈ ಕಣ್ಣಿಟ್ಟುಕೊಂಡು ಲಂಡನ್ನಿನಲ್ಲಿ ತಿರುಗಿದರೆ ಮೋಸ ಹೋಗುವುದು ಕಡಿಮೆ.

ಇಂಡಿಯನ್ ರೆಸ್ಟೋರೆಂಟ್ ಎಂಬ ಬೋರ್ಡು ಕಂಡರೆ ಕಾಲು ಅತ್ತ ಎಳೆಯುತ್ತದೆ, ಸಹಜ. ಆದರೆ ಬ್ರಿಟನ್ನಿನ ಹಳೆಯ ಕರಿ ಹೌಸುಗಳಲ್ಲಿ ಬಹುಪಾಲು ನಡೆಸಿದವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಇಂಗ್ಲಿಷರ ನಾಲಿಗೆಗೆ ಹೊಂದಿಸಿ ಅವರು ಬೇರೆಯದೇ ಒಂದು ಅಡುಗೆ ಕಟ್ಟಿದ್ದಾರೆ. ಉಳ್ಳಾಗಡ್ಡಿ ಬೇಯಿಸಿ ರುಬ್ಬಿದ ಒಂದು ಗ್ರೇವಿ ದೊಡ್ಡ ಪಾತ್ರೆಯಲ್ಲಿ ಸಿದ್ಧವಿರುತ್ತದೆ. ಆರ್ಡರ್ ಬಂದಂತೆ ಅದಕ್ಕೆ ಕೆನೆ ಬಿದ್ದರೆ ಕೊರ್ಮಾ, ಖಾರ ಏರಿದರೆ ಮದ್ರಾಸ್, ಇನ್ನೂ ಏರಿದರೆ ವಿಂಡಾಲೂ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಪರಿಮಳ ಕಂಡವರಿಗೆ ಈ ಬರೀ ಉರಿಯ ಲೆಕ್ಕ ವಿಚಿತ್ರ ಎನಿಸುತ್ತದೆ. ಅದನ್ನು ಅದರದ್ದೇ ಅಳತೆಯಲ್ಲಿ ಉಣ್ಣುವುದಾದರೆ ಹೋಗಿ, "ನಮ್ಮ ಕಡೆ ಹಿಂಗ ಮಾಡಂಗಿಲ್ಲ" ಎಂದು ಮೂಗು ಮುರಿಯಲಿಕ್ಕಾದರೆ ಬೇಡ. ಬ್ರಿಕ್ ಲೇನಿನಲ್ಲಿ ಬಾಗಿಲಲ್ಲೇ ನಿಂತು ರಿಯಾಯಿತಿ ಹೇಳಿ ಒಳಗೆ ಕರೆಯುವ ಅಂಗಡಿಗಳಿಗೆ ಮಾತ್ರ ನಾನು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ದುರ್ಗದ ಬೈಲಿನಲ್ಲಿ ಮಿರ್ಚಿ ಕರಿಯುವವನು ಎಂದಾದರೂ ಗಿರಾಕಿಯ ಕೈ ಹಿಡಿದು ಎಳೆದಿದ್ದಾನೆಯೇ?

ರೊಟ್ಟಿಯ ಪ್ರಶ್ನೆಗೆ ಬರೋಣ. ಮೊದಲು ಹೋಗಬೇಕಾದ್ದು ವೆಂಬ್ಲಿಯ ಈಲಿಂಗ್ ರೋಡಿಗೆ. ಅದು ಗುಜರಾತಿಗಳ ಬೀದಿ. ಅಲ್ಲಿನ ಕಾಠಿಯಾವಾಡಿ ಊಟದಲ್ಲಿ ಸಜ್ಜೆಯ ರೋಟಲೊ, ಸುಟ್ಟ ಬದನಿಕಾಯಿಯ ಓಳೊ, ಬೆಳ್ಳುಳ್ಳಿ ಚಟ್ನಿ, ಬೆಲ್ಲ, ಬೆಣ್ಣೆ, ಮಜ್ಜಿಗೆ ಬರುತ್ತವೆ. ಸಂಕ್ರಾಂತಿಯ ಸಜ್ಜಿ ರೊಟ್ಟಿ ತಿಂದು ಬೆಳೆದವರಿಗೆ ಇದಕ್ಕಿಂತ ಹತ್ತಿರದ್ದು ಆ ಊರಿನಲ್ಲಿ ನಾನು ಕಂಡಿಲ್ಲ. ಸಂಜೆ ಹೊತ್ತಿಗೆ ಮೂರು ತಲೆಮಾರಿನ ಕುಟುಂಬಗಳು ಕೂತಿರುವ ಜಾಗ ನೋಡಿ ಒಳಗೆ ಹೋಗಿ. ಎಣ್ಣೆ ಬದನಿಕಾಯಿ ನೆನೆದು ಕೂತರೆ ಓಳೊ ಸಪ್ಪೆ ಎನಿಸುತ್ತದೆ. ಗುಜರಾತಿಗಳು ಸಕ್ಕರೆ ಹಾಕುವಲ್ಲಿ ನಾವು ಖಾರಾ ಹಾಕುತ್ತೇವೆ, ಅಷ್ಟೇ. ಅದೇ ಬೀದಿಯ ಕಿರಾಣಿ ಅಂಗಡಿಗಳಲ್ಲಿ ಜುವಾರ್ ಎಂದು ಬರೆದ ಚೀಲದಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಬರುವಾಗ ಒಂದು ಚೀಲ ತಂದಿಟ್ಟುಕೊಳ್ಳಿ. ಬಡಿಯಲು ಬರದಿದ್ದರೆ ಲಟ್ಟಿಸಿದರೂ ನಡೆಯುತ್ತದೆ, ಅವ್ವನಿಗೆ ಫೋಟೊ ಕಳಿಸದಿದ್ದರೆ ಆಯಿತು.

ಎರಡನೆಯದು ಯಾರೂ ನಿರೀಕ್ಷಿಸದ್ದು: ಇಥಿಯೋಪಿಯಾದವರ ಊಟ. ಉತ್ತರ ಲಂಡನ್ನಿನ ಕೆಂಟಿಷ್ ಟೌನ್, ಟಫ್ನೆಲ್ ಪಾರ್ಕ್ ಕಡೆ ಇಂಥ ಹೋಟೆಲುಗಳಿವೆ. ತೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ದಿನಗಟ್ಟಲೆ ಹುಳಿ ಬರಿಸಿ ದೊಡ್ಡ ಕಾವಲಿಯ ಮೇಲೆ ಹರಡಿ ಬೇಯಿಸಿದ ಇಂಜೆರಾ ಅವರ ರೊಟ್ಟಿ. ದೋಸೆ ಹಿಟ್ಟಿನ ಹುಳಿ ಗೊತ್ತಿರುವ ನಮ್ಮವರಿಗೆ ಅದು ಕೂಡಲೇ ಒಗ್ಗುತ್ತದೆ. ಜೊತೆಗೆ ಶಿರೊ ಎಂಬ ಪದಾರ್ಥ ಕೇಳಿ. ಹುರಿದ ಕಡಲೆಯ ಹಿಟ್ಟಿಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೆಂಪು ಖಾರದ ಮಸಾಲೆ ಹಾಕಿ ಕುದಿಸಿದ್ದು. ತೆಳ್ಳಗಿನ ಝುಣಕ ಎಂದೇ ಹೇಳಿ. ಧಾರವಾಡದ ನಮ್ಮ ಮಾವನಿಗೆ ಹೆಸರು ಹೇಳದೆ ಬಡಿಸಿದಾಗ, "ಝುಣಕಕ್ಕ ನೀರ ಜಾಸ್ತಿ ಆಗೇದ, ರುಚಿ ಛಲೋ ಅದ" ಎಂದರು.

ಶಾಕಾಹಾರಿಗಳು ಇದನ್ನು ನೆನಪಿಡಿ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಉಪವಾಸದ ಊಟದಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇರುವುದಿಲ್ಲ. ಫಾಸ್ಟಿಂಗ್ ಪ್ಲ್ಯಾಟರ್ ಎಂದು ಕೇಳಿದರೆ ಬೇಳೆ, ಸೊಪ್ಪು, ಎಲೆಕೋಸು, ಬೀಟ್‌ರೂಟ್, ಶಿರೊ ಎಲ್ಲ ಒಂದೇ ಇಂಜೆರಾದ ಮೇಲೆ ಬಡಿಸಿಕೊಂಡು ಬರುತ್ತದೆ. ಕೈಯಲ್ಲೇ ಉಣ್ಣುವುದು. ಆದರೆ ಒಂದೇ ದೊಡ್ಡ ತಾಟಿನಲ್ಲಿ ಎಲ್ಲರೂ ಕೈ ಹಾಕುತ್ತಾರೆ. ಎಂಜಲಿನ ವಿಚಾರದಲ್ಲಿ ಕಟ್ಟುನಿಟ್ಟಾದ ಹಿರಿಯರನ್ನು ಕರೆದುಕೊಂಡು ಹೋದರೆ ಬೇರೆ ತಾಟು ಕೇಳಿ, ಕೊಡುತ್ತಾರೆ. ಗೋಧಿ ಆಗದವರು ಇಂಜೆರಾಕ್ಕೆ ಗೋಧಿ, ಬಾರ್ಲಿ ಬೆರೆಸಿದ್ದೀರಾ ಎಂದು ಕೇಳಿಯೇ ಕೂಡ್ರಿ.

ಹಸಿದು ಗುಂಪಿನಲ್ಲಿ ಹೋಗುವುದಾದರೆ ಹ್ಯಾರಿಂಗೆಯ ಗ್ರೀನ್ ಲೇನ್ಸ್. ತುರ್ಕರು, ಕುರ್ದರ ಬೀದಿ. ಕೆಂಡದ ಒಲೆಯ ಮುಂದೆ ಮಾಂಸ ಸುಡುತ್ತಿರುತ್ತದೆ. ಬಹಳ ಕಡೆ ಆರ್ಡರ್ ಬರುವ ಮೊದಲೇ ಬಿಸಿ ರೊಟ್ಟಿ, ಸಲಾಡ್, ದಾಳಿಂಬೆ ಹುಳಿಯಲ್ಲಿ ನೆನೆಸಿದ ಸುಟ್ಟ ಉಳ್ಳಾಗಡ್ಡಿ ಪುಕ್ಕಟೆಯಾಗಿ ಮೇಜಿಗೆ ಬರುತ್ತವೆ. ನನ್ನ ಖಾನಾವಳಿ ಪರೀಕ್ಷೆಯಲ್ಲಿ ಇಡೀ ಲಂಡನ್ನಿನಲ್ಲಿ ಮೊದಲ ನಂಬರು ಈ ಬೀದಿಗೆ. ಮಾಂಸ ತಿನ್ನದವರು ಬೇಳೆ ಸೂಪು, ಪಾಲಕ್ ಚೀಸ್ ತುಂಬಿದ ಗೊಜ್ಲೆಮೆ ಕೇಳಬಹುದು, ಆದರೆ ಅವರಿಗೆ ಇಲ್ಲಿ ಆಯ್ಕೆ ಕಡಿಮೆ.

ಬೆಟಗೇರಿಯ, ಹಳೆ ಹುಬ್ಬಳ್ಳಿಯ ಸಾವಜಿ ಖಾರಕ್ಕೆ ನಾಲಿಗೆ ಒಗ್ಗಿದವರಿಗೆ ಟೂಟಿಂಗ್. ಅಲ್ಲಿನ ಶ್ರೀಲಂಕಾ ತಮಿಳರು ಹುರಿದು ಕಪ್ಪಾಗಿಸಿದ ಮಸಾಲೆಯಲ್ಲಿ ಮಟನ್ ಮಾಡುತ್ತಾರೆ. ಸಾವಜಿಯ ಎಣ್ಣೆ ಇಲ್ಲ, ಖಾರ ಇದೆ. ಇಡ್ಲಿ ದೋಸೆಗೆ ಟೂಟಿಂಗ್ ಆದೀತು, ಈಸ್ಟ್ ಹ್ಯಾಮ್ ಆದೀತು. ಸೌತ್ಆಲ್ ಪಂಜಾಬಿಗಳದ್ದು, ಯೂಸ್ಟನ್ ಸ್ಟೇಶನ್ನಿನ ಹಿಂದಿನ ಡ್ರಮಂಡ್ ಸ್ಟ್ರೀಟ್ ಭೇಲ್‌ಪುರಿಯದ್ದು. ಗಿರ್ಮಿಟ್ ಮಾತ್ರ ಎಲ್ಲಿಯೂ ಇಲ್ಲ. ಭೇಲ್ ತಿಂದು ಸಮಾಧಾನ ಮಾಡಿಕೊಳ್ಳುವವರು ಮಾಡಿಕೊಳ್ಳಲಿ, ನನಗೆ ಆಗುವುದಿಲ್ಲ.

ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನ ಪುತ್ಥಳಿ ನೋಡಲು ನೀವು ಹೋಗಿಯೇ ಹೋಗುತ್ತೀರಿ. ಕೈ ಮುಗಿದು ಫೋಟೊ ತೆಗೆಸಿಕೊಂಡ ಮೇಲೆ ಹಸಿವಾದರೆ ವಾಕ್ಸ್‌ಹಾಲ್ ದಾಟಿ ಸೌತ್ ಲ್ಯಾಂಬೆತ್ ರೋಡಿಗೆ ನಡೆಯಿರಿ. ಅದು ಪೋರ್ಚುಗೀಸರ ಕೇರಿ. ಗೋವಾಕ್ಕೆ ಮೆಣಸಿನಕಾಯಿ ಇಳಿಸಿ, ಮುಂದೆ ನಮ್ಮ ಬ್ಯಾಡಗಿಯ ಹೊಟ್ಟೆಪಾಡಿಗೆ ದಾರಿ ಮಾಡಿದವರು ಇವರ ಪೂರ್ವಜರೇ. ಕಾಫಿ ಗಟ್ಟಿ, ಬೆಲೆ ಹಗುರ. ಕಣ್ಣು ಸೆಳೆಯುವ ಪಾಸ್ಟೆಲ್ ದ ನಾಟಾ ಎಂಬ ಹಳದಿ ಕಡುಬಿನಲ್ಲಿ ಇರುವುದು ಮೊಟ್ಟೆಯ ಹಳದಿ. ಬಸವ ಜಯಂತಿಯ ದಿನವೇ ಅದನ್ನು ತಿಂದು ಆಮೇಲೆ ಪೇಚಾಡಿದವರಿದ್ದಾರೆ.

ಮೊಟ್ಟೆಯ ವಿಷಯ ಇಷ್ಟಕ್ಕೆ ಮುಗಿಯುವುದಿಲ್ಲ. ನಮ್ಮಲ್ಲಿಯ ಹಸಿರು ಚುಕ್ಕೆ ಅಲ್ಲಿ ಇಲ್ಲ. ವೆಜಿಟೇರಿಯನ್ ಎಂದರೆ ಅಲ್ಲಿ ಮೊಟ್ಟೆ ಸೇರಿಯೇ. ಮೊಟ್ಟೆಯೂ ಬೇಡದವರು ವೀಗನ್ ಎಂದು ಕೇಳುವುದು ಸುಲಭ, ಆದರೆ ಮೊಸರು, ತುಪ್ಪವೂ ಹೋಗುತ್ತವೆ. ಪಾಸ್ತಾದ ಮೇಲೆ ತುರಿಯುವ ಪಾರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಥಾಯ್ ಊಟದಲ್ಲಿ ಮೀನಿನ ಸಾಸ್, ಮೆತ್ತಗಿನ ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆದ ಜೆಲಟಿನ್. ಕೆಲವು ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆಯನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳಲು ನಾಚಬೇಡಿ, ಕೇಳುವವರನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಅಲರ್ಜಿ ತರುವ 14 ಪದಾರ್ಥಗಳು ಯಾವುದರಲ್ಲಿವೆ ಎಂದು ಹೋಟೆಲಿನವರು ತಿಳಿಸಲೇಬೇಕೆಂದು ಕಾನೂನಿದೆ. ಮೊಟ್ಟೆ, ಮೀನು, ಹಾಲು, ಶೇಂಗಾ, ಎಳ್ಳು, ಸಾಸಿವೆ ಆ ಪಟ್ಟಿಯಲ್ಲಿವೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲ. ಅವೆರಡನ್ನು ಬಿಟ್ಟವರು ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಮಾತು. ಶೇಂಗಾ ಚಟ್ನಿಯ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಇಟಾಲಿಯನ್ ಹೋಟೆಲಿನಲ್ಲಿ ಪಿಜ್ಜಾ ಮೇಲೆ ಉದುರಿಸುವ ನಮ್ಮವರ ಚಟ ನನಗೆ ಗೊತ್ತು. ಶೇಂಗಾ ಅಲರ್ಜಿ ಜೀವಕ್ಕೆ ಬರುವಂಥದ್ದು. ಮೇಜಿನಲ್ಲಿ ಬೇರೆಯವರಿದ್ದರೆ ಕೇಳದೆ ಡಬ್ಬಿ ತೆಗೆಯಬೇಡಿ. ಅಗಸಿ ಚಟ್ನಿ ಒಯ್ದರೆ ಇನ್ನೂ ಒಳ್ಳೆಯದು. ಪೇಡಾ ಒಯ್ಯುವ ಆಸೆ ಬಿಡಿ. ಭಾರತದಿಂದ ಹಾಲಿನ ಪದಾರ್ಥಗಳನ್ನು ಚೀಲದಲ್ಲಿ ತರಲು ಬ್ರಿಟನ್ ಬಿಡುವುದಿಲ್ಲ. ಲೈನ್ ಬಜಾರದಲ್ಲೇ ನಿಂತು ತಿಂದು ಹೊರಡಿ.

ಈಗ ದುಡ್ಡು. ಒಂದು ಪೌಂಡಿಗೆ ನೂರು ರೂಪಾಯಿಗಿಂತ ಹೆಚ್ಚು. ಪ್ರತಿ ತಾಟನ್ನೂ ರೂಪಾಯಿಗೆ ತಿರುಗಿಸುತ್ತ ಕೂತರೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ನಾನು ಹೇಳುವುದು ಗಂಟೆಯ ಲೆಕ್ಕ. 2025ರ ಏಪ್ರಿಲ್‌ನಲ್ಲಿ 21 ದಾಟಿದವರ ಕನಿಷ್ಠ ಕೂಲಿಯನ್ನು ಗಂಟೆಗೆ 12.21 ಪೌಂಡು ಮಾಡಿದರು. ಒಂದು ಗಂಟೆಯ ಕೂಲಿಯೊಳಗೆ ಹೊಟ್ಟೆ ತುಂಬಿದರೆ ಸಾದಾ ಊಟ, ಎರಡು ಗಂಟೆ ಮುಟ್ಟಿದರೆ ಹಬ್ಬ, ಅದರಾಚೆಗಿನದು ಬೇರೆಯವರು ಬಿಲ್ಲು ಕೊಡುವಾಗ. ಬಿಲ್ಲಿನ ಕೆಳಗೆ 12.5 ಪ್ರತಿಶತ ಸರ್ವಿಸ್ ಚಾರ್ಜ್ ಸೇರಿಸಿರುವುದು ಲಂಡನ್ನಿನಲ್ಲಿ ಸಾಮಾನ್ಯ. 40 ಪೌಂಡಿಗೆ 5 ಪೌಂಡು. ಪಕ್ಕದಲ್ಲಿ ಐಚ್ಛಿಕ ಎಂದು ಬರೆದಿದ್ದರೆ ತೆಗೆಯಿರಿ ಎನ್ನಬಹುದು. 2024ರ ಅಕ್ಟೋಬರ್ 1ರಿಂದ ಆ ಹಣವೆಲ್ಲ ಕೆಲಸಗಾರರಿಗೇ ಹೋಗಬೇಕೆಂಬ ಕಾನೂನು ಬಂದಿದೆ. ನಿಮ್ಮ ಗೆಳೆಯರೇ ಅಲ್ಲಿ ತಾಟು ಎತ್ತುತ್ತಿರಬಹುದು. ಬಡಿಸಿದ್ದು ಚೆನ್ನಾಗಿದ್ದರೆ ನಾನು ತೆಗೆಸುವುದಿಲ್ಲ.

ನೀರು ಕೇಳುವಾಗ ಟ್ಯಾಪ್ ವಾಟರ್ ಎಂದೇ ಹೇಳಿ, ಇಲ್ಲದಿದ್ದರೆ ಬಾಟಲಿ ಬರುತ್ತದೆ, ಬಿಲ್ಲಿಗೂ ಏರುತ್ತದೆ. ಮದ್ಯದ ಲೈಸೆನ್ಸ್ ಇರುವ ಕಡೆ ಕೇಳಿದವರಿಗೆ ಕುಡಿಯುವ ನೀರು ಪುಕ್ಕಟೆ ಕೊಡಲೇಬೇಕು. ಕೆಫೆಗಳಲ್ಲಿ ಒಂದೇ ಸ್ಯಾಂಡ್‌ವಿಚ್ಚಿಗೆ ಎರಡು ಬೆಲೆ ಕಂಡರೆ ಗಾಬರಿ ಬೇಡ: ತಣ್ಣಗಿನದನ್ನು ಕಟ್ಟಿಸಿಕೊಂಡು ಹೋದರೆ ವ್ಯಾಟ್ ಇಲ್ಲ, ಕೂತು ತಿಂದರೆ 20 ಪ್ರತಿಶತ.

ಖಾಲಿ ಕುರ್ಚಿ ಕಂಡಿತೆಂದು ಬೇರೆಯವರ ಮೇಜಿಗೆ ಹೋಗಿ ಕೂಡುವ ನಮ್ಮ ಪದ್ಧತಿ ಅಲ್ಲಿ ನಡೆಯದು. ಬಾಗಿಲಲ್ಲಿ ನಿಂತು ಅವರು ತೋರಿಸಿದ ಜಾಗಕ್ಕೆ ಹೋಗಬೇಕು. ಪಬ್ಬುಗಳಲ್ಲಿ ಅಡುಗೆಮನೆ ರಾತ್ರಿ 9ರ ಸುಮಾರಿಗೇ ಮುಚ್ಚುತ್ತದೆ. ನಾವು ಊಟದ ಮಾತು ತೆಗೆಯುವ ಹೊತ್ತದು.

ಹೋಟೆಲಿನ ಬಾಗಿಲಿಗೆ ಅಂಟಿಸಿದ ಹಸಿರು ಕಪ್ಪು ಚೀಟಿಯಲ್ಲಿ 0ಯಿಂದ 5ರವರೆಗಿನ ಅಂಕ ಇರುತ್ತದೆ. ಅದು ಅಡುಗೆಮನೆಯ ಸ್ವಚ್ಛತೆಗೆ ಕೊಟ್ಟದ್ದು, ರುಚಿಗಲ್ಲ. ವೇಲ್ಸ್‌ನಲ್ಲಿ ಅದನ್ನು ತೋರಿಸುವುದು ಕಡ್ಡಾಯ, ಇಂಗ್ಲೆಂಡಿನಲ್ಲಿ ಅಲ್ಲ. ಹೀಗಾಗಿ ಕಡಿಮೆ ಬಂದವರು ಚೀಟಿಯನ್ನೇ ಹಚ್ಚುವುದಿಲ್ಲ. ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ ತಾಣದಲ್ಲಿ ಹೆಸರು ಹಾಕಿದರೆ ಅಂಕ ಸಿಗುತ್ತದೆ. 3ಕ್ಕಿಂತ ಕೆಳಗಿದ್ದರೆ ನಾನು ಮುಂದಿನ ಬಾಗಿಲು ನೋಡುತ್ತೇನೆ.

ನೀವು ಉಂಡು ಬಂದ ಮೇಲೆ ಹಿಂದೆ ಬರುವವರಿಗೆ ಹೇಳುವಾಗ "ಸೂಪರ್ ಐತಿ", "ದಂಡ" ಎಂದಷ್ಟೇ ಹೇಳಿ ಬಿಡಬೇಡಿ. ಏನು ತಿಂದಿರಿ, ವಾರದ ಮಧ್ಯಾಹ್ನವೋ ಶನಿವಾರದ ರಾತ್ರಿಯೋ, ಸರ್ವಿಸ್ ಸೇರಿ ತಲೆಗೆ ಎಷ್ಟು ಬಿತ್ತು, ಮೊಟ್ಟೆ ಕೇಳಿದಾಗ ಸರಿಯಾಗಿ ಉತ್ತರ ಕೊಟ್ಟರೋ, ಇವನ್ನು ಹೇಳಿ. ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ತಿಂದು ನೋಡಿ ಹೇಳಿದರೆ ಇನ್ನೂ ಒಳ್ಳೆಯದು. ಬೇಳೆ, ರೊಟ್ಟಿ ಕೆಟ್ಟದಾಗಿ ಮಾಡುವವನು ದುಬಾರಿಯದ್ದನ್ನು ಚೆನ್ನಾಗಿ ಮಾಡಿದ್ದು ಅಪರೂಪ. ಯಾವ ತಿಂಗಳು ಹೋಗಿದ್ದಿರಿ ಎಂಬುದೂ ಬೇಕು. ಲಂಡನ್ನಿನಲ್ಲಿ ಬಾಡಿಗೆ ಏರಿ ಅಂಗಡಿಗಳು ಕೈ ಬದಲಿಸುತ್ತಲೇ ಇರುತ್ತವೆ, ಬೋರ್ಡು ಮಾತ್ರ ಹಳೆಯದೇ ಇರುತ್ತದೆ.