ಹಾರಾಟದ ಸಮಯದ ಲೆಕ್ಕ: ನನ್ನ ಎಕ್ಸೆಲ್ ಶೀಟ್ ಕೊನೆಗೂ ಮಾತು ಕೇಳಿತು

ನೇರ ವಿಮಾನವೇ ಇಲ್ಲದ ಎರಡು ಏರ್‌ಪೋರ್ಟ್ ನಡುವೆ ಹಾರಿದರೆ ಎಷ್ಟು ಹೊತ್ತು ಹಿಡಿದೀತು ಅಂತ ಹೇಳುವ ಶೀಟ್ ಮಾಡ್ತೀನಿ ಅಂದಾಗ ಗೆಳೆಯರು ನಕ್ಕರು. "ದೂರವನ್ನ ವೇಗದಿಂದ ಭಾಗಿಸು, ಮುಗೀತು" ಅಂದರು. ಈಗ ಅವರೇ ಶೀಟ್ ಕಳಿಸು ಅಂತಿದ್ದಾರೆ. ನಲವತ್ತು ಚಿಲ್ಲರೆ ಮಾರ್ಗಗಳಲ್ಲಿ, ಐದಾರು ಬಿಟ್ಟರೆ, ನನ್ನ ಲೆಕ್ಕ ಟೈಮ್‌ಟೇಬಲ್‌ಗೆ ಅರ್ಧ ಗಂಟೆಯೊಳಗೆ ಕೂತಿದೆ.

ದೂರಕ್ಕೆ ಹಾಕಿದ್ದು ಹ್ಯಾವರ್‌ಸೈನ್ ಸೂತ್ರ, ಅಂದರೆ ಎರಡು ಊರುಗಳ ಅಕ್ಷಾಂಶ, ರೇಖಾಂಶ ಕೊಟ್ಟರೆ ಭೂಮಿಯ ಗೋಲದ ಮೇಲೆ ಅವುಗಳ ನಡುವಿನ ಅತಿ ಹತ್ತಿರದ ದಾರಿ ಎಷ್ಟು ಅಂತ ಹೇಳುವ ಸೂತ್ರ. ಡಿಗ್ರಿಯನ್ನು ರೇಡಿಯನ್ (ಎಕ್ಸೆಲ್ ಕೇಳುವ ಕೋನದ ಅಳತೆ) ಮಾಡೋದನ್ನೂ ನಾನು ಮರೆತಿರಲಿಲ್ಲ. ಆದರೂ ನ್ಯೂಯಾರ್ಕ್‌ನಿಂದ ಟೋಕಿಯೋಗೆ ಬರೀ 5,700 ಕಿ.ಮೀ. ಬಂತು! ಎರಡು ರಾತ್ರಿ ಸೂತ್ರವನ್ನೇ ಬೈದೆ. ಕೊನೆಗೆ ನೋಡಿದರೆ ಪಶ್ಚಿಮ ರೇಖಾಂಶಕ್ಕೆ ಮೈನಸ್ ಹಾಕಿರಲಿಲ್ಲ, ಶೀಟಿನ ಪಾಲಿಗೆ ನ್ಯೂಯಾರ್ಕ್ ಕಿರ್ಗಿಸ್ತಾನದಲ್ಲಿ ಕೂತಿತ್ತು. ಸರಿಮಾಡಿದ ಮೇಲೆ 10,800 ಚಿಲ್ಲರೆ.

ದೂರ ಸುಲಭ, ಸಮಯವೇ ಕಾಟ. ಮೇಲೆ ಗಂಟೆಗೆ 900 ಕಿ.ಮೀ. ಹೋಗುತ್ತದಲ್ವಾ ಅಂತ ಅದನ್ನೇ ಎಲ್ಲದಕ್ಕೂ ಹಾಕಿದೆ. ಲಂಡನ್‌ನಿಂದ ನ್ಯೂಯಾರ್ಕ್‌ಗೆ 5,540 ಕಿ.ಮೀ., ಲೆಕ್ಕ ಆರು ಗಂಟೆ ಹತ್ತು ನಿಮಿಷ. ಟೈಮ್‌ಟೇಬಲ್‌ನಲ್ಲಿ ಹೋಗುವಾಗ ಎಂಟು, ಬರುವಾಗ ಏಳು. ಗಾಳಿಯದೇ ಕಿತಾಪತಿ ಅಂತ ಹಳೆಯ ಹಾರಾಟಗಳ ದಾಖಲೆ ಕೊಡುವ ಒಂದು ಸೇವೆಗೆ ಮೂರು ತಿಂಗಳ ಚಂದಾ ಕಟ್ಟಿದೆ. ದುಡ್ಡು ನೀರಿಗೆ ಹಾಕಿದ ಹಾಗೆ. ನಾನು ಇಳಿಸಿಕೊಂಡಿದ್ದೆಲ್ಲ ಚಳಿಗಾಲದ್ದು, ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ರಭಸದ ಗಾಳಿ) ಜೋರಾಗಿರುವ ಕಾಲ. 2020ರ ಫೆಬ್ರವರಿಯಲ್ಲಿ ಒಂದು ವಿಮಾನ ಬಿರುಗಾಳಿಯ ಬೆನ್ನೇರಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಐದು ಗಂಟೆಯೊಳಗೇ ಬಂದಿತ್ತು. ಅಂಥವನ್ನು ಸೇರಿಸಿಕೊಂಡು ಸರಾಸರಿ ತೆಗೆದರೆ ಬೇಸಿಗೆಯ ಲೆಕ್ಕ ಹಳ್ಳ ಹಿಡಿಯದೆ ಇರುತ್ತದಾ?

ಕೆಲಸ ಆಗಿದ್ದು ಪುಕ್ಕಟೆ ಟೈಮ್‌ಟೇಬಲ್‌ನಿಂದಲೇ. ಪ್ರತಿ ಮಾರ್ಗಕ್ಕೂ ಹೋಗುವ, ಬರುವ ಸಮಯ ಕೂಡಿಸಿ ಅರ್ಧ ಮಾಡಿದೆ. ಗಮನಿಸಿ, ವೇಗದ ಸರಾಸರಿ ಅಲ್ಲ, ಸಮಯದ್ದು. ದೂರದ ಎದುರು ಗ್ರಾಫ್ ಹಾಕಿದರೆ ಹೆಚ್ಚುಕಡಿಮೆ ನೇರ ಗೆರೆ ಬಂತು: ದೂರವನ್ನು 850ರಿಂದ ಭಾಗಿಸಿ, ಮೇಲೆ 50 ನಿಮಿಷ. ರನ್‌ವೇಗೆ ತೆವಳುವುದು, ಏರುವುದು, ಇಳಿಯುವುದು ಎಲ್ಲ ಆ ಐವತ್ತರಲ್ಲೇ. ಸಿಂಗಾಪುರ–ನ್ಯೂಯಾರ್ಕ್ 15,300 ಕಿ.ಮೀ. ಹಾಕಿದೆ, ಹದಿನೆಂಟು ಮುಕ್ಕಾಲರ ಮೇಲೆ ಒಂದೈದು ನಿಮಿಷ ಬಂತು. ನಿಜವಾಗಲೂ ಅಷ್ಟೇ. ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟೆ. ಪೂರ್ವ–ಪಶ್ಚಿಮದ ವ್ಯತ್ಯಾಸ ಹಂಚಲು ಅಕ್ಷಾಂಶ ನೋಡಿಕೊಂಡು ಒಂದು ಗುಣಕ ಹಾಕುತ್ತೇನೆ. ಅದೆಷ್ಟು ಅಂತ ಮಾತ್ರ ಹೇಳಲ್ಲ, ನೀವೂ ಸ್ವಲ್ಪ ಒದ್ದಾಡಿ.

ಕೈಕೊಟ್ಟ ಐದಾರರಲ್ಲಿ ಹೆಲ್ಸಿಂಕಿ–ಟೋಕಿಯೋ ಮುಖ್ಯ. 7,800 ಕಿ.ಮೀ., ನನ್ನ ಲೆಕ್ಕ ಹತ್ತು ಗಂಟೆ. ಆದರೆ 2022ರಿಂದ ಫಿನ್ಲೆಂಡ್‌ನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ, ಸುತ್ತಿ ಹೋಗಲು ಹದಿಮೂರರ ಹತ್ತಿರ ಬೇಕು. ಸೂತ್ರಕ್ಕೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಅದಕ್ಕೆ ಸುಮ್ನೆ ತಮಾಷೆಗೆ 30 ಸೆಂ.ಮೀ. ಅಗಲದ ಗ್ಲೋಬ್ ಮೇಲೆ ದಾರ ಹಿಡಿದು ಅಳೆದೆ. ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ನೇರ ಹಿಡಿದರೆ ಹದಿನೆಂಟೂವರೆ ಸೆಂ.ಮೀ., ಉತ್ತರ ಧ್ರುವದ ಕಡೆಯಿಂದ ಸುತ್ತಿಸಿದರೆ ಇಪ್ಪತ್ತೈದರ ಮೇಲೆ. ಸೂತ್ರಕ್ಕೆ ಹಾಕಿದರೆ ಹದಿಮೂರೂವರೆ ಗಂಟೆ. ಚಂದಾ ಕಟ್ಟಿದ ಡೇಟಾಗಿಂತ ದಾರವೇ ವಾಸಿ. ಆದರೆ ಹೊಲಿಗೆ ದಾರ ಬೇಡ, ಎಳೆದಷ್ಟೂ ಹಿಗ್ಗುತ್ತದೆ.