ಪ್ವೆರ್ಟೊ ವಯಾರ್ಟಾದಲ್ಲಿ ಎಡಕ್ಕೆ ತಿರುಗುವ ಮುನ್ನ
ಮೆಕ್ಸಿಕೋದ ಪ್ವೆರ್ಟೊ ವಯಾರ್ಟಾದಲ್ಲಿ ಬಾಡಿಗೆ ಕಾರು ಓಡಿಸುವವರಿಗೆ ಒಂದು ಮಾತು. ಏರ್‌ಪೋರ್ಟ್‌ನಿಂದ ಊರೊಳಗೆ ಹೋಗುವ ಮೆದೀನಾ ಅಸೆನ್ಸಿಯೊ ರಸ್ತೆಯಲ್ಲಿ ಮಧ್ಯದ ಲೇನ್‌ನಿಂದ ಎಡಕ್ಕೆ ತಿರುಗಬೇಡಿ. ಮೊದಲೇ ಬಲಗಡೆಯ ಸರ್ವಿಸ್ ರಸ್ತೆಗೆ ಸೇರಿಕೊಂಡು, ಸಿಗ್ನಲ್‌ನಲ್ಲಿ ಎಡ ಬಾಣದ ಹಸಿರು ದೀಪ ಬರುವವರೆಗೆ ಕಾಯಬೇಕು. ನಮ್ಮೂರಲ್ಲಿ ಎಡಗಡೆ ಓಡಿಸಿ ರೂಢಿ ಇರುವವರಿಗೆ ಇದು ಇನ್ನೂ ಜಾಸ್ತಿ ಗೊಂದಲ, ಅಲ್ವಾ? ತಿರುವು ತಪ್ಪಿದರೆ ಗಾಬರಿ ಬೇಡ, ಸುಮ್ನೆ ಮುಂದೆ ಹೋಗಿ ತಿರುಗಿಸಿಕೊಂಡು ಬನ್ನಿ. ಹಸಿರು ದೀಪ ಮಿಟುಕಲು ಶುರುವಾದರೆ ಹಳದಿ ಬಂತು ಅಂತಲೇ ತಿಳಿಯಿರಿ. ಹಂಪ್‌ಗಳಿಗೆ ಅಲ್ಲಿ 'ತೋಪೆ' ಅನ್ನುತ್ತಾರೆ. ಬಣ್ಣ ಮಾಸಿದವು ರಾತ್ರಿ ಕಾಣುವುದೇ ಇಲ್ಲ, ದಯವಿಟ್ಟು ನಿಧಾನ. ದಕ್ಷಿಣದ ಬೀಚ್‌ಗಳಿಗೆ ಹೊರಟವರು ಹಳೇ ಪೇಟೆಯ ಕಲ್ಲುಹಾಸಿನ ಇಕ್ಕಟ್ಟು ಬೀದಿಗಳನ್ನು ಬಿಟ್ಟು, ಸುರಂಗಗಳಿರುವ ಬೈಪಾಸ್ ಹಿಡಿಯಿರಿ. ಬೋರ್ಡಿನಲ್ಲಿ 'ಲಿಬ್ರಮಿಯೆಂತೊ' ಅಂತ ಇರುತ್ತದೆ.