ಪಟ್ಟಿಯಲ್ಲಿ ಇಲ್ಲದ ನೇರಳೆ

ಕಾದ ಲೋಹದ ಹಾಳೆಯ ತಾಪಮಾನವನ್ನು ಬಣ್ಣದಲ್ಲಿ ತೋರಿಸುವ ಪ್ರೋಗ್ರಾಂ ಬರೆದಿದ್ದೆ. ಪಕ್ಕದ ಬಣ್ಣದ ಪಟ್ಟಿ ನೀಲಿಯಲ್ಲಿ ಶುರುವಾಗಿ ಹಸಿರು, ಹಳದಿ ದಾಟಿ ಕೆಂಪಿನಲ್ಲಿ ಮುಗಿಯುತ್ತಿತ್ತು. ಚಿತ್ರ ನೋಡಿದ ಸಹೋದ್ಯೋಗಿ ಒಂದೆಡೆ ಬೆರಳಿಟ್ಟು, “ಈ ನೇರಳೆ ಎಷ್ಟು ಡಿಗ್ರಿ?” ಎಂದು ಕೇಳಿದರು. ಪಟ್ಟಿಯಲ್ಲಿ ನೇರಳೆಯೇ ಇರಲಿಲ್ಲ.

ಎರಡು ದಿನ ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಚಿತ್ರ ಬಿಡಿಸಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಅಂದರೆ ಲೈಬ್ರರಿಯನ್ನು, ಕಣ್ಣು ಮುಚ್ಚಿ ಬಳಸುತ್ತಿದ್ದವನು ನಾನು. ಅದರೊಳಗೆ ಏನು ನಡೆಯುತ್ತದೆ ಎಂಬುದೇ ಗೊತ್ತಿರಲಿಲ್ಲ. ಇಂಥ ಚಿತ್ರದಲ್ಲಿ ಮೇಲ್ಮೈ ಎಂದರೆ ಪುಟ್ಟ ತ್ರಿಕೋನಗಳ ಜೋಡಣೆ. ಆ ತ್ರಿಕೋನಕ್ಕೆ ಬಣ್ಣ ತುಂಬುವ ಕೋಡನ್ನು ಸ್ವತಃ ಬರೆಯಲು ಕುಳಿತೆ, 1970ರ ದಶಕದಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆ ಬೆಳೆದ ಕ್ರಮದಲ್ಲಿಯೇ. ಮಾದರಿಗೆ 1975ರಲ್ಲಿ ಅಲ್ಲಿಯೇ ಮಾರ್ಟಿನ್ ನ್ಯೂವೆಲ್ ಕಂಪ್ಯೂಟರ್‌ನಲ್ಲಿ ರೂಪಿಸಿದ ಟೀಪಾಟ್‌ನ ಮೂರು ಆಯಾಮದ ಆಕೃತಿ.

ಮೊದಲು ಆನ್ರಿ ಗೂರೋ ಅವರ 1971ರ ವಿಧಾನ. ತ್ರಿಕೋನದ ಮೂರು ಮೂಲೆಗಳಲ್ಲಿ ಮಾತ್ರ ಬೆಳಕಿನ ಲೆಕ್ಕ ಹಾಕಿ, ಬಂದ ಬಣ್ಣವನ್ನು ನಡುವೆ ಹರಡುವುದು. ಟೀಪಾಟ್ ತಕ್ಷಣ ನುಣುಪಾಯಿತು. ಆದರೆ ಅದನ್ನು ನಿಧಾನವಾಗಿ ತಿರುಗಿಸಿದಾಗ ಹೊಟ್ಟೆಯ ಮೇಲಿನ ಹೊಳಪು ಮಿಣುಕುಹುಳದಂತೆ ಹೊತ್ತಿ ಆರುತ್ತಿತ್ತು. ಹೊಳಪು ತ್ರಿಕೋನದ ನಡುವೆ ಬಿದ್ದರೆ ಮೂರು ಮೂಲೆಗಳಲ್ಲಿ ಒಂದಕ್ಕೂ ಅದರ ಸುಳಿವಿರುವುದಿಲ್ಲ. ಮೂಲೆಗೆ ಬಂದಾಗ ಮಾತ್ರ ಫಕ್ಕನೆ ಬೆಳಗುತ್ತದೆ. ಬುಯಿ ತುವಾಂಗ್ ಫಾಂಗ್ 1973ರ ಪ್ರಬಂಧದಲ್ಲಿ ಇದಕ್ಕೆ ಉತ್ತರ ಕೊಟ್ಟರು: ಹರಡಬೇಕಾದದ್ದು ಬಣ್ಣವನ್ನಲ್ಲ, ಮೇಲ್ಮೈ ಯಾವ ಕಡೆಗೆ ಮುಖ ಮಾಡಿದೆ ಎಂಬ ದಿಕ್ಕನ್ನು, ಬೆಳಕಿನ ಲೆಕ್ಕ ಪ್ರತಿ ಪಿಕ್ಸೆಲ್‌ನಲ್ಲಿ ನಡೆಯಲಿ. ನನ್ನ ಕೋಡ್‌ನಲ್ಲಿ ಲೂಪಿನ ಹೊರಗಿದ್ದ ಲೆಕ್ಕ ಒಳಗೆ ಹೋಯಿತು, ಹೆಚ್ಚುಕಡಿಮೆ ಅಷ್ಟೇ. ಪ್ರೋಗ್ರಾಂ ತೆವಳತೊಡಗಿತು, ಹೊಳಪು ಮಾತ್ರ ಅಲುಗದೆ ನಿಂತಿತು.

ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯಲು ಪ್ರತಿ ಪಿಕ್ಸೆಲ್‌ನ ಆಳವನ್ನು ನೆನಪಿಡುವ ಜೆಡ್-ಬಫರ್ ಅನ್ನು, ಎಡ್ ಕ್ಯಾಟ್‌ಮಲ್ 1974ರ ಪ್ರಬಂಧದಲ್ಲಿ ವಿವರಿಸಿದ್ದನ್ನು, ಹತ್ತೇ ಸಾಲುಗಳಲ್ಲಿ ಮುಗಿಸಿದೆ. 512×512 ಪರದೆಯ ಪ್ರತಿ ಪಿಕ್ಸೆಲ್‌ನ ಆಳಕ್ಕೆ ಎರಡು ಬೈಟ್ ಎಂದರೂ 5,24,288 ಬೈಟ್; ಆ ಕಾಲಕ್ಕೆ ಅದು ರಾಜವೈಭೋಗ.

ನೇರಳೆಯ ಗುಟ್ಟು ಬಿಟ್ಟುಕೊಟ್ಟದ್ದು ಫಾಂಗ್, ಹರಡಬೇಕಾದದ್ದು ಬಣ್ಣವನ್ನಲ್ಲ ಎಂಬ ಅವರ ಮಾತು. ಹಾಳೆಯ ಒಂದು ತ್ರಿಕೋನದಲ್ಲಿ ಒಂದು ಮೂಲೆ 20 ಡಿಗ್ರಿ, ಇನ್ನೊಂದು 100. ನಾನು ಮೊದಲನೆಯದಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು ಕೊಟ್ಟು, ನಡುವಿನದನ್ನು ಗೂರೋ ವಿಧಾನಕ್ಕೆ ಬಿಟ್ಟಿದ್ದೆ. ನೀಲಿ ಕೆಂಪು ಬೆರೆತರೆ ನೇರಳೆ! 60 ಡಿಗ್ರಿಗೆ ಪಟ್ಟಿ ಹೇಳುವುದು ಹಸಿರು-ಹಳದಿ. ಟೀಪಾಟ್‌ನಲ್ಲಿ ಬಣ್ಣ ತುಸು ಆಚೀಚೆಯಾದರೆ ಕಣ್ಣು ಕ್ಷಮಿಸುತ್ತದೆ. ಇಲ್ಲಿ ಬಣ್ಣವೆಂದರೆ ಅಂಕಿ. 1987ರಲ್ಲಿ ಮೆಕ್‌ಕಾರ್ಮಿಕ್, ಡಿಫ್ಯಾಂಟಿ ಮತ್ತು ಬ್ರೌನ್ ಸಂಪಾದಿಸಿದ ವರದಿ ವೈಜ್ಞಾನಿಕ ದೃಶ್ಯೀಕರಣವನ್ನು ಪ್ರತ್ಯೇಕ ಕ್ಷೇತ್ರವೆಂದು ಎತ್ತಿ ಹಿಡಿದದ್ದು ಯಾಕೆಂದು ನನಗೆ ಅರ್ಥವಾದದ್ದು ಆಗಲೇ.

ಪರಿಹಾರ ಸರಳ: ಮೂಲೆಗಳಿಗೆ ಬಣ್ಣದ ಬದಲು ತಾಪಮಾನವನ್ನೇ ಕೊಟ್ಟೆ, ಬಣ್ಣದ ಪಟ್ಟಿಯನ್ನು 256 ಪಿಕ್ಸೆಲ್‌ಗಳ ಒಂದೇ ಸಾಲಿನ ಟೆಕ್ಸ್ಚರ್, ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರ, ಮಾಡಿದೆ. ಮೊದಲು ತಾಪಮಾನ ಹರಡುತ್ತದೆ, ಆಮೇಲೆ ಪ್ರತಿ ಪಿಕ್ಸೆಲ್ ತನ್ನ ಬಣ್ಣವನ್ನು ಪಟ್ಟಿಯಿಂದ ಹೆಕ್ಕಿಕೊಳ್ಳುತ್ತದೆ. ಟೆಕ್ಸ್ಚರ್ ಹೊದಿಸುವ ಉಪಾಯವೂ ಕ್ಯಾಟ್‌ಮಲ್ ಅವರ ಅದೇ ಪ್ರಬಂಧದ್ದು.

ನೇರಳೆ ಹೋಯಿತು. ಅದು ಇದ್ದ ಜಾಗದಲ್ಲಿ ಒಂದೇ ತ್ರಿಕೋನದೊಳಗೆ ಪಟ್ಟಿಯ ಅಷ್ಟೂ ಬಣ್ಣಗಳು ಒತ್ತೊತ್ತಾಗಿ ಕಾಣಿಸಿಕೊಂಡವು. ಸಹೋದ್ಯೋಗಿ ಮತ್ತೆ ಅಲ್ಲಿಯೇ ಬೆರಳಿಟ್ಟರು: “ಇಷ್ಟು ಏರುಪೇರು ಇರುವ ಕಡೆ ತ್ರಿಕೋನ ಇಷ್ಟು ದೊಡ್ಡದೇ?” ಅದಕ್ಕೆ ಇನ್ನೊಂದು ವಾರ ಹಿಡಿಯಿತು.